ಎಡಕ್ಕೆ ಸುತ್ತಿದ ಬಳ್ಳಿ

“ಇದು ತೊಮೆಗೊರೊ ಕೈಯಲ್ಲ,” ಎಂದ ಕನೆಜಿ.

ಪ್ರಕಾಶಕ ಕಿಚಿಬೆ ಬೀಸಣಿಗೆ ಆಡಿಸುವುದನ್ನು ನಿಲ್ಲಿಸಿದ. ಬೆಳಗಿನ ಸೆಕೆಗೆ ಅವನ ಎರಡು ಗಲ್ಲಗಳೂ ಬೆವೆತು ಹೊಳೆಯುತ್ತಿದ್ದವು.

“ಅವನೇ ಒಪ್ಕೊಂಡಾಯ್ತಲ್ಲಯ್ಯ! ಮಾಡ್ದೋನೇ ಮಾಡ್ದೆ ಅಂದ್ಮೇಲೆ ನಡುವೆ ನಿಂದೇನು ಪಿರಿಪಿರಿ?”

“ಒಪ್ಕೊಳ್ಳೋಕೆ ನಾಲಿಗೆ ಸಾಕು ಧಣಿ. ಕೆತ್ತೋಕೆ ಕೈ ಬೇಕು.”

ಮೂರು ದಿನದ ಹಿಂದೆ ಅಂಗಡಿಗೆ ಬಂದ ‘ಎದೊ ಸೇತುವೆಗಳು’ ಮಾಲೆಯ ಹದಿನೇಳನೆಯ ಚಿತ್ರದಲ್ಲಿ, ಬೆನ್ನು ತಿರುಗಿಸಿ ನಿಂತ ಹುಡುಗಿಯ ಕಪ್ಪು ನಡುಕಟ್ಟಿನ ಮೇಲೆ ಹಿರಿಯ ಸಚಿವರ ಮನೆತನದ ಲಾಂಛನ ಕಾಣಿಸಿಕೊಂಡಿತ್ತು: ಮೂರು ಎಲೆ, ಎಡಕ್ಕೆ ಸುತ್ತುತ್ತ ಏರುವ ಒಂದು ಬಳ್ಳಿ. ಬೀದಿಯಲ್ಲಿ ಬಿಕರಿಯಾಗುವ ಚಿತ್ರದ ಹೆಣ್ಣಿನ ಸೊಂಟಕ್ಕೆ ಸಚಿವರ ಲಾಂಛನ! ಆಳುವವರಿಗೆ ಅಷ್ಟು ಸಾಕಿತ್ತು. ಹಲಗೆ ಕೆತ್ತಿದ ತೊಮೆಗೊರೊ ‘ನಾನೇ ಬೇಕಂತ ಸೇರಿಸಿದೆ’ ಎಂದು ಬೀದಿಯ ಕಾವಲುಮನೆಯಲ್ಲಿ ಕಟ್ಟಿಸಿಕೊಂಡು ಕೂತಿದ್ದ. ಇಂದು ಮಧ್ಯಾಹ್ನದ ಗಂಟೆ ಬಾರಿಸಿದರೆ ದೊಡ್ಡ ಸೆರೆಮನೆ, ಅಲ್ಲಿಂದ ದ್ವೀಪಕ್ಕೆ ಗಡೀಪಾರು. ದ್ವೀಪಕ್ಕೆ ಹೋದವರು ಮರಳಿ ಬಂದದ್ದನ್ನು ಆ ಬೀದಿಯವರು ಯಾರೂ ಕಂಡಿರಲಿಲ್ಲ.

ಚಿತ್ರಕಾರ ರಾನ್ಸೆಕಿ ಬರೆದದ್ದೇನು ಎಂದು ನೋಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಬರೆದ ಹಾಳೆಯನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ ಅದರ ಮೇಲೆಯೇ ಚಾಕು ಆಡಿಸುತ್ತಾರೆ. ಹಲಗೆ ಸಿದ್ಧವಾಗುವ ಹೊತ್ತಿಗೆ ಹಾಳೆ ಮರದ ಹೊಟ್ಟಿನ ಜೊತೆ ಕಸದ ಬುಟ್ಟಿ ಸೇರಿರುತ್ತದೆ. ಪತ್ತೇದಾರನ ಪಾಲಿಗೆ ಇದಕ್ಕಿಂತ ದರಿದ್ರ ಕಸುಬು ಇನ್ನೊಂದಿಲ್ಲ. ಸಾಕ್ಷಿಯನ್ನು ನಾಶ ಮಾಡಿಯೇ ಇಲ್ಲಿ ಸರಕು ಹುಟ್ಟುತ್ತದೆ.

ಆದರೆ ಕನೆಜಿ ಹುಟ್ಟಾ ಪತ್ತೇದಾರನಲ್ಲ. ಇಪ್ಪತ್ತು ವರ್ಷ ಇದೇ ಅಂಗಡಿಯಲ್ಲಿ ಅಚ್ಚು ಒತ್ತಿದವನು. ತೊಮೆಗೊರೊ ಕೆತ್ತುವುದು, ಇವನು ಒತ್ತುವುದು. ಬಲಗೈ ಬೆರಳುಗಳು ಜೋಮು ಹಿಡಿದು ಕಸುಬು ಕೈಬಿಟ್ಟ ಮೇಲೆ ಅಧಿಕಾರಿ ಸೊಮೆಯಾ ಅವರ ಕೈಕೆಳಗೆ ಕಳ್ಳರನ್ನು ಹುಡುಕಿಕೊಂಡು ಅಲೆಯುತ್ತಿದ್ದ. ಈಗ ತನ್ನ ಗೆಳೆಯನೇ ಕಳ್ಳನಾಗಿ ಕೂತಿದ್ದಾನೆ. ಹೊಟ್ಟೆಗೆ ಮೂರು ದಿನದಿಂದ ಅನ್ನ ಸೇರಿರಲಿಲ್ಲ.

ಅವನು ಎರಡು ಹಾಳೆಗಳನ್ನು ಅಕ್ಕಪಕ್ಕ ಹಾಸಿದ.

“ಇದು ಮೊದಲನೇ ಹಾಳೆ. ಇದು ನೂರೈವತ್ತನೇದು. ಬಳ್ಳಿ ನೋಡಿ ಧಣಿ.”

ಮೊದಲ ಹಾಳೆಯಲ್ಲಿ ಕಪ್ಪಿನ ಮೇಲೆ ಬಳ್ಳಿ ಬೆಳ್ಳಗೆ ಬಂದಿತ್ತು. ನೂರೈವತ್ತನೆಯದರಲ್ಲಿ ಗೆರೆ ಅಲ್ಲಲ್ಲಿ ಕಟ್ಟಿಹೋಗಿ ಮಸಿ ಮೆತ್ತಿಕೊಂಡಿತ್ತು.

“ತೋಡಿದ್ದು ಆಳ ಸಾಲ್ದು. ಅದಕ್ಕೇ ಮಸಿ ತುಂಬ್ಕೊಂಡಿದೆ. ತೊಮೆ ಕೆತ್ತಿದ ಹಲಗೆ ಮೇಲೆ ಸಾವಿರ ಹಾಳೆ ಒತ್ತಿದೀನಿ ನಾನು. ಒಂದು ಗೆರೆ ಕಟ್ಟಿದ್ದಿಲ್ಲ. ಇದು ಚಾಕು ಹಿಡಿಯೋಕೂ ಬರದೋರ ಕೆಲಸ.”

ಕಿಚಿಬೆ ಹಾಳೆಗಳ ಮೇಲೆ ಬಾಗಿದ. “ಹಲಗೆ ತೊಮೆಗೊರೊ ಹತ್ರಾನೇ ಇತ್ತು. ಅಲ್ಲಿಂದ ಸೀದಾ ಇಲ್ಲಿಗೆ ಬಂತು. ನಡುವೆ ಒಂದೇ ಒಂದು ದಿನ…”

“ಎಲ್ಲಿತ್ತು?”

“ಎಲ್ಲಿರುತ್ತೆ? ರಾನ್ಸೆಕಿ ಗುರುಗಳ ಮನೇಲಿ. ಹೊಸ ಹಲಗೇನ ಒಂದು ದಿನ ಮನೇಲಿಟ್ಟು, ಮುಂದೆ ಅನ್ನ, ಒಂದು ಬಟ್ಟಲು ಸಾಕೆ ಹೆಂಡ ಇಟ್ಟು ಕೈಮುಗಿಯೋದು ಅವರ ಪದ್ಧತಿ. ನಿಂಗೂ ಗೊತ್ತಲ್ಲ.”

ಗೊತ್ತಿತ್ತು. ಗೊತ್ತಿದ್ದರಿಂದಲೇ ಕನೆಜಿ ಹಾಳೆಗಳನ್ನು ಸುತ್ತಿಟ್ಟು ಎದ್ದ.

*

ರಾನ್ಸೆಕಿಯ ಮನೆ ಕಾಲುವೆಯ ಆಚೆ ದಡದಲ್ಲಿತ್ತು. ಅರವತ್ತೆಂಟರ ಆ ಮುದುಕ ಈಗ ಎದೊ ನಗರದ ಬಾಯಲ್ಲೆಲ್ಲ ಇದ್ದ. ‘ವಯಸ್ಸಾದಷ್ಟೂ ಕೈ ಎಳೆಯದಾಗ್ತಿದೆ’ ಎಂದು ಜನ ಹೊಗಳುತ್ತಿದ್ದರು. ಎರಡು ವರ್ಷದಿಂದ ಮನೆ ಬಿಟ್ಟು ಹೊರಗೆ ಬಂದವನಲ್ಲ. ದೊಡ್ಡವರ ದೊಡ್ಡಸ್ತಿಕೆ ಎಂದುಕೊಂಡಿದ್ದರು ಎಲ್ಲರೂ. ಕನೆಜಿಯೂ ಹಾಗೇ ಅಂದುಕೊಂಡು ಸುಮ್ಮನಿದ್ದ.

ಅಂಗಳದಲ್ಲಿ ಹೆಂಡತಿ ಒನುಯಿ ಹಸಿ ಸೋಯಾ ಕಾಯಿ ಬಿಡಿಸುತ್ತ ಕೂತಿದ್ದಳು. ಇವನನ್ನು ಕಂಡದ್ದೇ ಎದ್ದು ಬಾಗಿಲಿಗೆ ಅಡ್ಡ ನಿಂತಳು.

“ಅವರು ಬರೀತಿದಾರೆ ಕನೆಜಿ. ಆಮೇಲೆ ಬಾ.”

“ಆಮೇಲೆ ಅನ್ನೋದು ತೊಮೆಗೆ ಇಲ್ಲಮ್ಮಾವ್ರೇ.”

ಆಕೆಯ ಹೆಗಲ ಮೇಲಿಂದ ಒಳಗೆ ಕಂಡಿತು. ರಾನ್ಸೆಕಿ ಮೇಜಿನ ಮುಂದೆ ನೆಟ್ಟಗೆ ಕೂತು ಕುಂಚವನ್ನು ಮಸಿಕಲ್ಲಿಗೆ ಅದ್ದಿ ಹಾಳೆಯ ಮೇಲೆ ಎಳೆಯುತ್ತಿದ್ದ. ಮಸಿಕಲ್ಲು ಒಣಗಿತ್ತು. ಹಾಳೆ ಬಿಳಿಯಾಗಿಯೇ ಇತ್ತು. ಮುದುಕ ಮತ್ತೆ ಅದ್ದಿದ, ಮತ್ತೆ ಎಳೆದ.

ಕನೆಜಿ ಒನುಯಿಯತ್ತ ತಿರುಗಿದ.

“ಯಾವಾಗಿಂದ?” ಎಂದ, ಪಿಸುಮಾತಿನಲ್ಲಿ.

“ಎರಡು ವರ್ಷ.” ಒನುಯಿಯ ಕೈಯಿಂದ ಕಾಯಿಗಳು ಬಿದ್ದವು. “ಒಂದು ಕಣ್ಣು ಪೂರ್ತಿ. ಇನ್ನೊಂದರಲ್ಲಿ ಬೆಳಕು ಕಾಣುತ್ತೆ, ಅಷ್ಟೆ. ಬರೆದಿದ್ದೆಲ್ಲ ಕಾಗೆ ಕಾಲು, ಗುಬ್ಬಿ ಕಾಲು. ನಾನೇ ತೊಮೆಗೊರೊ ಕಾಲು ಹಿಡ್ಕೊಂಡೆ. ಅವನು ಹೊಸ ಹಾಳೇಲಿ ಇವರ ಹಾಗೇ ಬರೆದು, ಅದನ್ನೇ ಅಂಟಿಸಿ ಕೆತ್ತಿದ. ಹಾಳೆ ಹೇಗೂ ಕಸಕ್ಕೆ ಹೋಗೋದಲ್ವಾ? ಯಾರು ಕೇಳ್ತಾರೆ?”

“ಗುರುಗಳಿಗೆ ಗೊತ್ತಾ?”

“ಗೊತ್ತಾದ್ರೆ ಸತ್ತೇಹೋಗ್ತಾರೆ ಅಂತಾನೇ ತೊಮೆಗೊರೊ ಬಾಯಿ ಬಿಡ್ತಿಲ್ಲ.”

“ಗೊತ್ತಿದೆ,” ಎಂದಿತು ಒಳಗಿನ ಧ್ವನಿ. “ಬಾರಯ್ಯಾ ಕನೆಜಿ. ಕಣ್ಣು ಹೋದೋನಿಗೆ ಕಿವೀನೂ ಹೋಗಿದೆ ಅಂದ್ಕೊಂಡ್ರಾ ಇಬ್ರೂ?”

ಒನುಯಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಕನೆಜಿ ಮುದುಕನ ಎದುರು ಮಂಡಿಯೂರಿ ಕೂತ. ಎಷ್ಟೋ ಕಳ್ಳರ ಎದುರು ಹೀಗೆ ಕೂತು ಬಾಯಿ ಬಿಡಿಸಿದ್ದ. ಇವತ್ತು ಬಾಯಿ ಬಿಡಿಸಬೇಕಾಗಿಯೇ ಬರಲಿಲ್ಲ.

“ಹದಿನೇಳನೇ ಹಲಗೆ ಬಂದ ದಿನ,” ರಾನ್ಸೆಕಿಯೇ ಶುರು ಮಾಡಿದ, “ಇವಳು ಸಾಕೆ ತರೋಕೆ ಹೋಗಿದ್ಳು. ಸುಮ್ನೆ ಬೆರಳಾಡಿಸಿದೆ. ನಾನು ಬರೆದಿದ್ದು ನಮ್ಮ ಚಿಸೇನ. ಸೇತುವೆ ಕಟಕಟೆ ಹಿಡ್ಕೊಂಡು ನಗ್ತಾ ಇರೋ ಹಾಗೆ. ಹಲಗೆ ಮೇಲೆ ಮುಖಾನೇ ಇಲ್ಲ! ಬೆನ್ನು ತಿರುಗಿಸಿ ನಿಂತಿದಾಳೆ. ಗೆರೆ ಎಲ್ಲ ನುಣ್ಣಗೆ. ನಂದು ಹತ್ತು ವರ್ಷದ ಹಿಂದಿನ ಗೆರೆ. ಆಗ ಅರ್ಥ ಆಯ್ತು ಕಣಯ್ಯಾ. ಜನ ಹೊಗಳಿದ್ದು ನನ್ನನ್ನಲ್ಲ.”

ಚಿಸೆ ಅವನ ಒಬ್ಬಳೇ ಮಗಳು. ದಡಾರ ಬಂದ ವರ್ಷ, ಹತ್ತೊಂಬತ್ತರಲ್ಲೇ ಹೋಗಿಬಿಟ್ಟಿದ್ದಳು. ಮುಖ ಎಲ್ಲಿ ತಪ್ಪಿಹೋಗುತ್ತದೋ ಎಂದು ಹೆದರಿ ತೊಮೆಗೊರೊ ಬೆನ್ನು ಕೆತ್ತಿದ್ದ. ಇದು ಕನೆಜಿಗೆ ಹೇಳದೆಯೇ ತಿಳಿಯಿತು.

“ಸಿಟ್ಟು ಬಂತಾ ಗುರುಗಳೇ?”

“ಸಿಟ್ಟಾ? ಅತ್ತೆ ಕಣಯ್ಯಾ. ಎರಡು ವರ್ಷ ಅವನು ತನ್ನ ಹೆಸರಿಲ್ದೆ ದುಡಿದಿದಾನೆ. ನನ್ನ ಸೊಕ್ಕು ನೋಡು, ಒಂದು ದಿನ ಅವನಿಗೆ ಚೆನ್ನಾಗಿ ಕೆತ್ತಿದೀಯ ಅಂದೋನಲ್ಲ.” ಮುದುಕ ಕುಂಚ ಕೆಳಗಿಟ್ಟ. “ಮಗಳ ಚಿತ್ರದಲ್ಲಿ ಒಂದಾದ್ರೂ ನನ್ನ ಕೈಯಿಂದ ಇರ್ಲಿ ಅನ್ನಿಸ್ತು. ನಡುಕಟ್ಟು ದೊಡ್ಡದಾಗಿ ಸಪಾಟಾಗಿ ಸಿಕ್ತು. ಹಳೇ ಚಾಕು ಒಂದಿತ್ತು. ಅವಳು ಕುಂಡದಲ್ಲಿ ಸಾಕ್ತಿದ್ದ ಅಸಗಾವೊ ಬಳ್ಳಿ ಕೆತ್ತಿದೆ. ಮೂರು ಎಲೆ, ಒಂದು ಬಳ್ಳಿ. ಲಾಂಛನ ಗೀಂಛನ ಎಲ್ಲಾ ನಂಗೆ ಗೊತ್ತಿಲ್ಲ.”

ಬೆಳಗ್ಗೆ ಅರಳಿ ಹೊತ್ತೇರಿದರೆ ಬಾಡುವ ಆ ಹೂವಿನ ಕುಂಡಗಳು ಅಂಗಳದಲ್ಲಿ ಸಾಲಾಗಿದ್ದವು. ಎದೊದಲ್ಲಿ ಅದನ್ನು ಬೆಳೆಸದ ಮನೆಯಿಲ್ಲ. ಅದರ ಬಳ್ಳಿ ಬಲಕ್ಕೇ ಸುತ್ತಿ ಏರುತ್ತದೆ, ಬಲವಂತವಾಗಿ ಎಡಕ್ಕೆ ಸುತ್ತಿದರೂ ಬಿಚ್ಚಿಕೊಂಡು ಬಲಕ್ಕೇ ತಿರುಗುತ್ತದೆ.

ಕನೆಜಿಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಗುರುಗಳೇ, ಹಲಗೆ ಮೇಲೆ ಬಳ್ಳೀನ ಯಾವ ಕಡೆಗೆ ಸುತ್ತಿಸಿದ್ರಿ?”

“ಯಾವ ಕಡೆಗೆ ಅಂದ್ರೆ? ಅಸಗಾವೊ ಸುತ್ತೋದೇ ಬಲಕ್ಕೆ.”

ಐವತ್ತು ವರ್ಷ ಚಿತ್ರ ಬರೆದವನು! ಹಾಳೆಯ ಮೇಲೆ ಸೀದಾ ಬರೆದುಕೊಟ್ಟರೆ ಮುಗಿಯಿತು, ಮಗುಚಿ ಅಂಟಿಸುವುದು ಕೆತ್ತುವವನ ಪಾಡು. ಮರ ಮುಟ್ಟುವುದು ಚಿತ್ರಕಾರನ ಅಂತಸ್ತಿಗೆ ಕಡಿಮೆ. ಮೊನ್ನೆಮೊನ್ನೆ ಕೆತ್ತನೆಗೆ ಸೇರಿದವನೂ ಮಾಡದ ತಪ್ಪನ್ನು ಎದೊದ ದೊಡ್ಡ ಚಿತ್ರಕಾರ ಮಾಡಿದ್ದ.

ಕನೆಜಿ ಅವನ ಕೈ ಹಿಡಿದು ಅಂಗಳಕ್ಕೆ ಕರೆತಂದ. ಬೆರಳನ್ನು ಬಳ್ಳಿಯ ಮೇಲಿಟ್ಟು ಮೇಲಕ್ಕೆ ನಡೆಸಿದ.

“ಇದು ಬಲಕ್ಕೆ ಹತ್ತುತ್ತೆ. ಹೌದಾ? ಮರದ ಮೇಲೆ ಹೀಗೇ ಕೆತ್ತಿದ್ರೆ ಹಾಳೆ ಮೇಲೆ ಎಡಕ್ಕೆ ಬರುತ್ತೆ. ಹಾಳೆ ಮೇಲೆ ಬಲಕ್ಕೆ ಬರ್ಬೇಕಾದ್ರೆ ಮರದ ಮೇಲೆ ಎಡಕ್ಕೆ ಕೆತ್ಬೇಕು. ಸಚಿವರ ಲಾಂಛನದ ಬಳ್ಳಿ ಎಡಕ್ಕಿದೆ. ನಿಮ್ಮ ಹೂವು ಮಗುಚಿ ಬಿದ್ದು ಲಾಂಛನ ಆಗ್ಹೋಯ್ತು. ಸಾಲ್ದು ಅಂತ ಆಳಾನೂ ತೋಡಿಲ್ಲ ನೀವು. ಒಂದು ಅಕ್ಕಿಕಾಳಿನ ಆಳ ಹೋಗ್ಬೇಕು.”

ಮುದುಕ ಬಹಳ ಹೊತ್ತು ಬಳ್ಳಿಯ ಮೇಲಿನ ಬೆರಳು ತೆಗೆಯಲಿಲ್ಲ.

“ಅಂದ್ರೆ… ನಮ್ಮ ಚಿಸೆ ಹೂವು ಜನರ ಮನೇಲೆಲ್ಲ ತಪ್ಪಾಗಿ ಹೋಗಿದೆಯೇನೋ?”

ತೊಮೆಗೊರೊನ ಪ್ರಾಣದ ಮಾತಾಡಲು ಬಂದವನಿಗೆ ಈ ಪ್ರಶ್ನೆ! ಆದರೂ ಕನೆಜಿಗೆ ಬೈಯಲು ಮನಸ್ಸಾಗಲಿಲ್ಲ.

“ನಡೀರಿ ಗುರುಗಳೇ. ಕಾವಲುಮನೆಗೆ. ನಾನೇ ಕೆತ್ತಿದ್ದು, ಹೂವು ಅಂತ ಕೆತ್ತಿದ್ದು ಅನ್ನಿ. ಆದ್ರೆ ಅದನ್ನ ಹೇಳ್ಬೇಕಾದ್ರೆ ಕಣ್ಣಿನ ಮಾತೂ ಬರುತ್ತೆ. ಹದಿನೇಳು ಸೇತುವೇನೂ ಕೈಬಿಟ್ಟುಹೋಗುತ್ತೆ. ನಿಮ್ಮ ಹೆಸರು…”

“ನನ್ನ ಮರದ ಮೆಟ್ಟು ಎಲ್ಲೇ?” ಎಂದು ಮುದುಕ ಹೆಂಡತಿಯನ್ನು ಕೇಳಿದ.

*

ಕಾವಲುಮನೆಯ ಹಲಗೆ ಗೋಡೆಯ ಕಬ್ಬಿಣದ ಬಳೆಗೆ ತೊಮೆಗೊರೊನನ್ನು ಕಟ್ಟಿದ್ದರು. ಮೂರು ದಿನಕ್ಕೇ ಮುಖ ಹತ್ತು ವರ್ಷ ಹಣ್ಣಾಗಿತ್ತು. ಮುದುಕನನ್ನು ಕಂಡು ಅವನು ಎದ್ದು ನಿಲ್ಲಲು ಹೋಗಿ ಹಗ್ಗ ಜಗ್ಗಿ ಬಿದ್ದ.

“ಲೇ ಕನೆಜಿ, ಯಾಕೋ ಇವರನ್ನ ಇಲ್ಲಿಗೆ ಕರ್ಕೊಂಡ್ಬಂದೆ? ಮನುಷ್ಯನೇನೋ ನೀನು?”

ರಾನ್ಸೆಕಿ ಧ್ವನಿ ಬಂದ ಕಡೆಗೆ ತಿರುಗಿದ. ಅಧಿಕಾರಿ ಸೊಮೆಯಾ, ಕಿಚಿಬೆ, ಬೀದಿಯ ಹಿರಿಯರು ನಾಲ್ಕು ಜನ, ಎಲ್ಲರ ಎದುರು ನೆಲಕ್ಕೆ ಹಣೆ ಮುಟ್ಟಿಸಿ ಹೇಳಿದ: ತಾನು ಕುರುಡ, ಹದಿನೇಳು ಸೇತುವೆಗಳಲ್ಲಿ ಒಂದೂ ತನ್ನದಲ್ಲ, ಆ ಕೈ ತೊಮೆಗೊರೊನದು, ಆ ಹೂವೊಂದು ಮಾತ್ರ ತನ್ನದು.

ಕಿಚಿಬೆ ತಲೆಯ ಮೇಲೆ ಕೈ ಹೊತ್ತು ಕೂತ. ತೊಮೆಗೊರೊ ಮುದುಕನ ಕಡೆ ಹೊರಳಿದ.

“ನಿಮಗೆ ಗೊತ್ತಿತ್ತಾ?” ಎಂದ. “ಹಲಗೆ ಮುಟ್ಟಿದಾಗ್ಲೇ ಗೊತ್ತಾಯ್ತಾ?”

“ಚೆನ್ನಾಗಿ ಕೆತ್ತಿದೀಯ ತೊಮೆಗೊರೊ,” ಎಂದ ರಾನ್ಸೆಕಿ.

ಕಟ್ಟಿದ ಕೈಗಳಲ್ಲಿ ಮುಖ ಮುಚ್ಚಿಕೊಳ್ಳಲೂ ಆಗದೆ ತೊಮೆಗೊರೊ ಗೋಡೆಯ ಕಡೆ ತಿರುಗಿ ಬಿಕ್ಕಿದ. ಅವನು ದ್ವೀಪಕ್ಕೆ ಹೆದರಿದವನಲ್ಲ. ಇದೊಂದು ದಿನ ಬಾರದಿರಲಿ ಎಂದೇ ಮೂರು ದಿನ ಹಲ್ಲು ಕಚ್ಚಿ ಕೂತಿದ್ದ. ಕಣ್ಣೊರೆಸಿಕೊಳ್ಳಲಾರದೆ ಹಾಗೆಯೇ ಅಧಿಕಾರಿಯ ಕಡೆ ತಿರುಗಿದ.

“ಸ್ವಾಮಿ, ಮುದುಕರಿಗೆ ಅರಳುಮರಳು. ನನ್ನ ಉಳಿಸೋಕೆ ಸುಳ್ಳು ಹೇಳ್ತಿದಾರೆ. ಕಣ್ಣಿಲ್ಲದೋರು ಚಾಕು ಹಿಡೀತಾರಾ? ಈ ವಯಸ್ಸಲ್ಲಿ ಇವರ ಕೈಗೆ ಕೋಳ ಹಾಕಿದ್ರೆ ತಿಂಗಳು ಬದುಕಲ್ಲ. ಲಾಂಛನ ಕೆತ್ತಿದ್ದು ನಾನೇ.”

ಸೊಮೆಯಾ ಕೆಟ್ಟ ಮನುಷ್ಯನಲ್ಲ, ಆದರೆ ಅವಸರದವನು. ಗಂಟೆಗೆ ಹೆಚ್ಚು ಹೊತ್ತು ಉಳಿದಿರಲಿಲ್ಲ. ಕನೆಜಿ ಅವನನ್ನು ಹೊರಗೆ ಕರೆದು, ಮಗುಚಿದ ಬಳ್ಳಿಯ ಮರ್ಮವನ್ನು ಉಸಿರು ಬಿಗಿಹಿಡಿದು ಹೇಳಿದ.

ಸೊಮೆಯಾ ಗದ್ದ ಕೆರೆದುಕೊಂಡ. “ಸರಿ. ಪರೀಕ್ಷೆ ಮಾಡೋಣ. ಹಲಗೆ ಕೊಡು, ಚಾಕು ಕೊಡು, ‘ಅವತ್ತು ಕೆತ್ತಿದ್ದನ್ನೇ ಕೆತ್ತು’ ಅಂತ ಅಷ್ಟೇ ಹೇಳೋಣ. ಹಾಳೆ ಮೇಲೆ ಮತ್ತೆ ಎಡಕ್ಕೇ ಬಂದ್ರೆ ಮುದುಕನಿಗೆ ಈ ಕಸುಬಿನ ಗಂಧ ಗಾಳಿ ಗೊತ್ತಿಲ್ಲ ಅಂತ ನಂಬ್ತೀನಿ. ತೊಮೆಗೊರೊನ ಬಿಚ್ತೀನಿ. ಆದ್ರೆ ಯಾರೂ ಕೆಮ್ಮೋ ಹಾಗಿಲ್ಲ. ನೀನೂ ಸೇರಿ.”

ಕನೆಜಿ ಖುಷಿಯಿಂದ ತಲೆಯಾಡಿಸಿದ. ಖುಷಿಯ ಭರದಲ್ಲಿ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಅಂಗೈಯಗಲದ ಹಲಗೆ ಬಂತು. ರಾನ್ಸೆಕಿ ಅದನ್ನು ಎರಡೂ ಕೈಯಿಂದ ತಡವಿದ, ಮೂಸಿದ, ತೊಡೆಯ ಮೇಲಿಟ್ಟುಕೊಂಡ. ಎಡಗೈ ಬೆರಳು ಮುಂದೆ, ಚಾಕುವಿನ ಮೊನೆ ಅದರ ಹಿಂದೆ. ಒಂದು ಊದುಬತ್ತಿ ಹಚ್ಚಿಟ್ಟರು. ಬೀದಿಯ ಹಿರಿಯರು ಕತ್ತು ಚಾಚಿ ನೋಡಿದರು.

ಎಲೆ ಮೂಡಿತು. ಇನ್ನೊಂದು ಎಲೆ. ಮುದುಕ ಬಳ್ಳಿಗೆ ಕೈ ಹಾಕುವ ಮುಂಚೆ ಸ್ವಲ್ಪ ತಡೆದ. ಅವನ ತುಟಿ ಏನನ್ನೋ ಲೆಕ್ಕ ಹಾಕುತ್ತಿತ್ತು. ಆಮೇಲೆ ಚಾಕು ಎಡಕ್ಕೆ ಹೊರಟಿತು.

ಮರದ ಮೇಲೆ ಎಡ ಅಂದರೆ ಹಾಳೆಯ ಮೇಲೆ ಬಲ. ಯಾವ ಪಾಠ ಇದು, ಯಾರು ಹೇಳಿಕೊಟ್ಟದ್ದು, ಎಲ್ಲಿ ನಿಂತು!

“ಗುರುಗಳೇ…” ಎಂದ.

ಸೊಮೆಯಾನ ಕಬ್ಬಿಣದ ಕೋಲು ಅವನ ಎದೆಗೆ ಅಡ್ಡ ಬಂತು. “ಇನ್ನೊಂದು ಸೊಲ್ಲೆತ್ತಿದ್ರೆ ಪರೀಕ್ಷೆ ಇಲ್ಲೇ ಮುಗೀತು.”

ಮುದುಕನ ಮುಖದಲ್ಲಿ ಬಹಳ ವರ್ಷದಿಂದ ಕಾಣದ ಕಳೆಯಿತ್ತು. ಅವನು ಅವಸರ ಮಾಡಲಿಲ್ಲ. ಪ್ರತಿ ಗೆರೆಯನ್ನೂ ಮರಳಿ ತೋಡಿದ, ಉಗುರಿನಿಂದ ಆಳ ನೋಡಿದ, ಸಾಲದೆಂದು ಮತ್ತೆ ತೋಡಿದ. ಊದುಬತ್ತಿ ಬುಡಕ್ಕೆ ಬರುವ ಹೊತ್ತಿಗೆ ಹಲಗೆಯ ಪುಡಿ ಊದಿ ಮುಂದಕ್ಕೆ ಚಾಚಿದ.

“ಒತ್ತಿ ನೋಡಿ ಸ್ವಾಮಿ. ಹೂವು ಅಂತ ಚಿಕ್ಕ ಮಗು ಕೂಡ ಹೇಳ್ಬೇಕು.”

“ಕನೆಜಿ, ನೀನೇ ಒತ್ತು,” ಎಂದ ಸೊಮೆಯಾ.

ಎಷ್ಟು ವರ್ಷವಾಗಿತ್ತು ಒತ್ತಿ! ಜೋಮು ಹಿಡಿದ ಬೆರಳುಗಳಿಂದ ಕನೆಜಿ ಮಸಿ ಬಳಿದ, ಹಾಳೆ ಹಾಸಿದ, ಬಿದಿರಿನ ಉಜ್ಜುಬಿಲ್ಲೆಯಿಂದ ಮೆಲ್ಲಗೆ ಉಜ್ಜಿದ. ಕೈ ತಪ್ಪಿ ಹಾಳೆ ಹರಿದುಹೋಗಲಿ ಎಂದು ಒಂದು ಗಳಿಗೆ ಬೇಡಿಕೊಂಡ. ಇಪ್ಪತ್ತು ವರ್ಷದ ಅಭ್ಯಾಸ, ಕೈ ತಪ್ಪಲಿಲ್ಲ.

ಹಾಳೆ ಎತ್ತಿದ. ಕಪ್ಪಿನ ಮೇಲೆ ಬೆಳ್ಳಗೆ, ಎಲ್ಲೂ ಮಸಿ ಕಟ್ಟದೆ, ಒಂದು ಅಸಗಾವೊ ಬಳ್ಳಿ ಬಲಕ್ಕೆ ಸುತ್ತಿ ಏರಿತ್ತು.

ತೊಮೆಗೊರೊ ಕತ್ತು ಚಾಚಿ ನೋಡಿದ, ನೋಡಿ ಕಣ್ಣೀರಿನ ನಡುವೆಯೇ ನಕ್ಕ. ಇಂಥ ಕೆತ್ತನೆಗೆ ಅವನು ತಲೆದೂಗದೆ ಇರಲಾರ.

“ಹೆಂಗೆ ಬಂತು?” ಮುದುಕ ಆಸೆಯಿಂದ ಕೇಳಿದ.

“ಸರಿಯಾಗಿ ಬಂದಿದೆ ಗುರುಗಳೇ,” ಎಂದ ತೊಮೆಗೊರೊ. “ಹೂವೇ.” ಆಮೇಲೆ ಸೊಮೆಯಾನ ಕಡೆ ತಿರುಗಿ ಮೆತ್ತಗೆ, “ನೋಡಿದ್ರಲ್ಲ ಸ್ವಾಮಿ. ಇವರು ಕೆತ್ತಿದ್ರೆ ಹೀಗೆ ಬರುತ್ತೆ. ಎಡಕ್ಕೆ ಬರೋ ಹಾಗೆ ಕೆತ್ತಿದ್ದು ನಾನು.”

ಸೊಮೆಯಾ ಹಾಳೆಯನ್ನೂ ಕನೆಜಿಯನ್ನೂ ಬದಲಿಸಿ ಬದಲಿಸಿ ನೋಡಿದ. ಹೊರಗೆ ಮಧ್ಯಾಹ್ನದ ಗಂಟೆಯ ಮೊದಲ ಪೆಟ್ಟು ಬಿತ್ತು.

“ಮರದ ಸುದ್ದಿ ಗೊತ್ತಿಲ್ಲದ ಮುದುಕ ಅಂದೆ. ಎಷ್ಟು ಚೆನ್ನಾಗಿ ಗೊತ್ತಿದೆ ನೋಡು! ಕನೆಜಿ, ಸರಿಯಾಗಿ ಕೇಳಿಸ್ಕೊ. ಇದನ್ನ ಇವನಿಗೆ ಮೊದಲೇ ಯಾರಾದ್ರೂ ಹೇಳ್ಕೊಟ್ಟಿದ್ರೆ ಸಾಕ್ಷಿ ತಿದ್ದಿದ ಅಪರಾಧ. ಅವನೂ ತೊಮೆಗೊರೊ ಜೊತೆ ಅದೇ ದೋಣಿ ಹತ್ತುತ್ತಾನೆ. ಯಾರೂ ಹೇಳ್ಕೊಟ್ಟಿಲ್ಲ ಅಂದ್ರೆ ತೊಮೆಗೊರೊ ಒಬ್ಬನೇ ಹೋಗ್ತಾನೆ. ಹೇಳು, ಯಾರಾದ್ರೂ ಹೇಳ್ಕೊಟ್ರಾ?”

ತೊಮೆಗೊರೊ ಕಣ್ಣಲ್ಲೇ ಬೇಡಿಕೊಂಡ. ಇಲ್ಲ ಅನ್ನು. ಇಲ್ಲ ಅಂದುಬಿಡೋ.

ಕನೆಜಿ ಬಾಯಿ ತೆರೆಯುವ ಮೊದಲೇ ರಾನ್ಸೆಕಿ ಕೈ ಚಾಚಿ ಗಾಳಿಯಲ್ಲಿ ತಡಕಾಡಿ ಅವನ ತೋಳು ಹಿಡಿದುಕೊಂಡ. ಕುರುಡು ಮುಖ ಕೃತಜ್ಞತೆಯಿಂದ ಬೆಳಗುತ್ತಿತ್ತು.

“ಇವನೇ ಸ್ವಾಮಿ, ನಮ್ಮ ಕನೆಜಿ! ಇವತ್ತು ಬೆಳಗ್ಗೆ ಕುಂಡದ ಹತ್ರ ನಿಂತು, ನನ್ನ ಬೆರಳು ಹಿಡಿದು ಹೇಳ್ಕೊಟ್ಟ.”